ಅಂಗೈಯ ಬೆಳೆ

“ನೋಡು, ಕೈಯಲ್ಲಿ ಏನೇನು ಸಾಕ್ಕೊಂಡಿದೀಯ ಅಂತ ಕಣ್ಣಾರೆ ನೋಡು,” ಎಂದು ಜೀವಶಾಸ್ತ್ರದ ಮೇಡಂ ಟೇಪು ಸುತ್ತಿದ ಗಾಜಿನ ತಟ್ಟೆಯನ್ನು ಮಗಳ ಮೂಗಿಗೆ ಹಿಡಿದರು. ಸೂಕ್ಷ್ಮಜೀವಿ ಬೆಳೆಸುವ ಆ ತಟ್ಟೆಗೆ ಮಗಳ ತೊಳೆಯದ ಅಂಗೈ ಒತ್ತಿಸಿ, ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಬೆಚ್ಚಗಿಟ್ಟು ತಂದಿದ್ದರು. ಈಗ ಅದರಲ್ಲಿ ಐದೂ ಬೆರಳಿನ ಅಚ್ಚುಗಳು ಹಳದಿ, ಬಿಳಿ, ಹಸಿರು ಬೂಷ್ಟಾಗಿ ಎದ್ದು ನಿಂತಿದ್ದವು.

ಭೂಮಿಯ ಅರ್ಧ ಜನಕ್ಕೆ ಪಾಠ ಹೇಳಿದ ಮೇಡಂ ಅವರು. ಅವರು ಗದರಿದರೆ ತರಗತಿಯ ಗಡಿಯಾರವೂ ಹೆದರಿ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಮನೆಯಲ್ಲಿ ಮಾತ್ರ ಈ ಗೇಣುದ್ದದ ಹುಡುಗಿಯಿಂದ ಊಟಕ್ಕೆ ಮುಂಚೆ ಕೈ ತೊಳೆಸುವಷ್ಟರಲ್ಲಿ ದಿನವೂ ಏಳು ಕೆರೆ ನೀರು ಕುಡಿಯುತ್ತಿದ್ದರು. ಇವತ್ತು ಹೆದರಿಸಿಯೇ ತೀರುವುದೆಂದು ಬಂದಿದ್ದರು.

“ಎಷ್ಟು ಚೆನ್ನಾಗಿದೆಯಮ್ಮ.”

“ಚೆನ್ನಾಗಿದೆಯಾ? ಹೊಟ್ಟೆಗೆ ಹೋದ್ರೆ ಗೊತ್ತಾಗುತ್ತೆ. ಎದ್ದು ಹೋಗಿ ಕೈ ತೊಳ್ಕೊ, ನನ್ನ ಪ್ರಾಣ ತಿನ್ನಬೇಡ.”

“ಇರಮ್ಮ, ಒಂದ್ನಿಮಿಷ.” ಹುಡುಗಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳನ್ನು ಬಾಯಲ್ಲಿಟ್ಟು ಯೋಚಿಸಿದಳು. “ಎಲ್ಲಾ ಕಡೆ ಬೆಳೆದಿದೆ. ಈ ಹಸಿರು ಚುಕ್ಕೆ ಸುತ್ತ ಮಾತ್ರ ಯಾಕೆ ಖಾಲಿ? ಇದು ಬೇರೆಯವರನ್ನ ಓಡಿಸುತ್ತಾ?”

ಬೈಯಲೆಂದು ಬಾಯಿ ತೆರೆದ ಮೇಡಂ ತಟ್ಟೆಯ ಮೇಲೆ ಬಗ್ಗಿ ನೋಡಿದರು. ಇಂಥದೇ ಖಾಲಿ ವೃತ್ತವನ್ನು ಅವರು ಬೋರ್ಡಿನ ಮೇಲೆ ಬೋರ್ಡು ಸವೆಯುವಷ್ಟು ಸಲ ಬರೆದಿದ್ದರು. ಅದನ್ನು ಕಂಡವರೆಲ್ಲ ಇಷ್ಟು ವರ್ಷ ಕೇಳಿದ್ದು ಒಂದೇ: “ಮೇಡಂ, ಇದು ಪರೀಕ್ಷೆಗೆ ಬರುತ್ತಾ?”

“ಓಡಿಸುತ್ತೆ,” ಎಂದರು ಮೇಡಂ, ಕುರ್ಚಿ ಎಳೆದು ಮಗಳ ಪಕ್ಕ ಕೂರುತ್ತ. “ಹೇಗೆ ಓಡಿಸುತ್ತೆ ಅನ್ಸುತ್ತೆ ನಿಂಗೆ?”