ಉಸಿರಿನ ಜಾಗ

ಕ್ಲಾರಿನೆಟ್ಟಿನ ಸ್ವರ ಒಂದು ನಿಮಿಷ ದಾಟುವಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅಪ್ಪನ ಮುಖ ಕೆಂಪಡರಿತು. ಮಗಳು ನೋಡಲಿಲ್ಲ. ಅವಳ ಕಣ್ಣು ಕಂಪ್ಯೂಟರ್ ಪರದೆಯ ಹಸಿರು ಪಟ್ಟಿಗಳ ಮೇಲಿತ್ತು. ಒಂದೊಂದು ಪಟ್ಟಿ ಒಂದೊಂದು ಸ್ವರ. ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಕೊಂಡು ಇಡೀ ಸಾಲು ನೀರಿನ ಮೇಲೆ ಬಿಟ್ಟ ದಾರದ ಹಾಗೆ ಸಾಗಿತ್ತು. ಅದರ ಹಿಂದೆ ನಲವತ್ತು ಪಿಟೀಲುಗಳು ಮಂಜಿನಂತೆ ಹಬ್ಬಿದ್ದವು. ಅಷ್ಟು ದೊಡ್ಡ ವಾದ್ಯವೃಂದ ಒಂದು ಮೇಜಿನ ಮೇಲೆ, ತಣ್ಣಗಾದ ಟೀ ಲೋಟದ ಪಕ್ಕದಲ್ಲಿತ್ತು.

ಕೆಮ್ಮು ಕೇಳಿ ತಿರುಗಿದಾಗ ಅಪ್ಪ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದ್ದ. ಅವಳು ಓಡಿಹೋಗಿ ಬೆನ್ನು ನೀವಿದಳು.

"ಅವನನ್ನ ಸಾಯಿಸ್ಬಿಡ್ತೀಯಲ್ಲೇ," ಅಂದ ಅಪ್ಪ, ಏದುಸಿರಿನ ನಡುವೆ.

"ಯಾರನ್ನ?"

"ಊದ್ತಾ ಇದ್ದಾನಲ್ಲ, ಅವನನ್ನ. ಎಲ್ಲಿ ಉಸಿರು ತಗೋಬೇಕು ಅವನು?"

ಮಗಳಿಗೆ ನಗು ಬಂತು, ಮರುಗಳಿಗೆಯಲ್ಲೇ ಅರ್ಥವಾಗಿ ನಗು ನಿಂತಿತು. ನಲವತ್ತು ವರ್ಷ ರಂಗಮಂದಿರದಲ್ಲಿ ಕ್ಲಾರಿನೆಟ್ ಊದಿದವನು ಅಪ್ಪ. ಕೇಳುವುದೆಂದರೂ ಅವನಿಗೆ ಒಳಗೊಳಗೇ ಊದುವುದೇ. ಶ್ವಾಸಕೋಶ ಹಾಳಾಗಿ, ಇನ್ನು ವಾದ್ಯ ಮುಟ್ಟಕೂಡದೆಂದು ಡಾಕ್ಟರು ಹೇಳಿದ ಮೇಲೂ ಎದೆ ಆ ಅಭ್ಯಾಸ ಬಿಟ್ಟಿರಲಿಲ್ಲ. ಇಷ್ಟು ದಿನ ಅವಳ ಕೆಲಸವನ್ನು 'ನಿನ್ನ ಟೈಪಿಂಗು' ಎನ್ನುತ್ತಿದ್ದವನು ಇವತ್ತೇ ಮೊದಲ ಸಲ ನಿಂತು ಕೇಳಿದ್ದ.

"ಅಲ್ಲಿ ಯಾರೂ ಇಲ್ಲ ಅಪ್ಪ. ಯಾವುದೋ ಹಾಲ್‌ನಲ್ಲಿ ಒಬ್ಬರನ್ನ ಕೂರಿಸಿ ಒಂದೊಂದೇ ಸ್ವರ ಊದಿಸಿ ಇಟ್ಕೊಂಡಿದ್ದಾರೆ. ಸ್ವರದ ಕೊನೆಯನ್ನ ಅದರ ನಡುವಿಗೇ ಹೊಲಿದಿರ್ತಾರೆ. ನಾನು ಬೆರಳು ಎತ್ತೋವರೆಗೂ ನಿಲ್ಲಲ್ಲ."

ಅಪ್ಪ ಪರದೆಯ ಹತ್ತಿರಕ್ಕೆ ಬಗ್ಗಿದ. "ಅಂದ್ರೆ ಇನ್ನೂ ಒಳಗೇ ಊದ್ತಾ ಕೂತಿದ್ದಾನೆ ಪುಣ್ಯಾತ್ಮ."

ಹಾಗೆ ಊದಿಸಿ ಇಟ್ಟ ಸ್ವರಗಳ ಸಂಗ್ರಹದ ಮೂಲೆಯಲ್ಲಿ, ಯಾರೂ ತೆರೆಯದ ಜಾಗದಲ್ಲಿ, ವಾದಕನ ಉಸಿರಿನ ಸದ್ದುಗಳೂ ಇದ್ದವು. ಅವಳು ಒಂದೊಂದಾಗಿ ಕೇಳಿಸಿದಳು. ಅಪ್ಪ ಕುರ್ಚಿ ಎಳೆದುಕೊಂಡು, ಮಾರುಕಟ್ಟೆಯಲ್ಲಿ ಹಣ್ಣು ಆರಿಸುವವನ ಹಾಗೆ ಆರಿಸಿದ. "ಇದು ಬೆಳಗ್ಗಿಂದು, ಚೆನ್ನಾಗಿದೆ. ಇದು ಊಟ ಆದ್ಮೇಲಿಂದು, ಬೇಡ. ಇದು... ಮನೆಗೆ ಹೋಗ್ಬೇಕು ಅನ್ನಿಸಿದಾಗ ತಗೊಂಡಿದ್ದು. ಇದನ್ನ ಕೊನೇಲಿ ಹಾಕು." ಐದು ಕಡೆ ಸ್ವರಗಳ ದಾರ ಕಡಿದು ಐದು ಉಸಿರು ಇಟ್ಟರು. ಮತ್ತೆ ಕೇಳಿದಾಗ ಅಪ್ಪನ ಎದೆ ಅದರ ಜೊತೆಗೇ ಏರಿ ಇಳಿಯಿತು. ಕೆಮ್ಮಲಿಲ್ಲ. "ಈಗ ಸಂಗೀತ," ಅಂದ.

ಮಧ್ಯಾಹ್ನ ಅದನ್ನು ಸಿನಿಮಾದ ನಿರ್ದೇಶಕನಿಗೆ ಕಳಿಸಿದಳು. ಸಂಜೆ ಅವನ ಫೋನ್ ಬಂತು. "ಏನಮ್ಮಾ, ಮಧ್ಯ ಮಧ್ಯ ಯಾರೋ ಮೂಗೆಳೀತಾರೆ? ಹೆಂಗಸು ದೋಣೀಲಿ ಮಲಗಿ ಕನಸಲ್ಲಿ ತೇಲ್ತಾ ಇದ್ದಾಳೆ. ಕನಸಿಗೆ ನೆಗಡಿಯಾ? ಸ್ವರ ಎಲ್ಲೂ ಕಡೀಬಾರ್ದು ಅಂತ ಮೊದಲೇ ಹೇಳಿದ್ದೆ. ತೆಗೆದು ಕಳಿಸಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವರನ್ನ ನೋಡ್ತೀನಿ."

ಅದು ಅವಳ ಮೊದಲ ಚಿತ್ರ. ಐದು ಉಸಿರು ಅಳಿಸಲು ಐದು ಸಲ ಬೆರಳು ಒತ್ತಿದರೆ ಸಾಕಿತ್ತು.

"ಕಳಿಸಿದ್ಯಾ?" ಪಕ್ಕದ ಕೋಣೆಯಿಂದ ಅಪ್ಪ ಕೇಳಿದ.

"ಕಳಿಸಿದೆ."

"ಅವನ ಉಸಿರು?"

"ಇದೆ ಅಪ್ಪ."

ಚಿತ್ರ ಮುಗಿದು, ಕೆಲಸ ಮಾಡಿದವರಿಗೂ ಮನೆಯವರಿಗೂ ಒಂದು ಬೆಳಗ್ಗೆ ತೋರಿಸಿದರು. ಬೇಡವೆಂದರೂ ಅಪ್ಪ ಬಂದ, ರಂಗಮಂದಿರದ ಕಾಲದ ಕಪ್ಪು ಕೋಟು ತೊಟ್ಟು. ಕತ್ತಲಾಯಿತು. ಪರದೆಯ ಮೇಲೆ ದೋಣಿ ಬಂತು, ಅಂಚಿನಾಚೆ ಇಳಿಬಿದ್ದ ಹೆಂಗಸಿನ ಕೈ ಬಂತು, ನೀರಿನಡಿಯಿಂದ ಎದ್ದಂತೆ ಕ್ಲಾರಿನೆಟ್ ಬಂತು. ಅಪ್ಪನ ತುಟಿ ಬಿಗಿಯಿತು.

ಮೊದಲ ಉಸಿರಿನ ಜಾಗ ಹತ್ತಿರವಾಯಿತು. ಅಪ್ಪ ಎದೆ ಸಡಿಲಿಸಲು ಸಿದ್ಧನಾಗಿ ಕಾದ. ಸ್ವರ ನಿಲ್ಲದೆ ದಾಟಿಹೋಯಿತು. ಅವನು ಮಗಳ ಕಡೆ ತಿರುಗಲಿಲ್ಲ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಉಸಿರು ಬಿಡದೆ, ಒಳಗೆ ಊದುತ್ತಿದ್ದವನ ಜೊತೆಗೇ ಉಳಿದ. ದೋಣಿಯ ಬೆಳಕಿನಲ್ಲಿ ಅವನ ಕತ್ತಿನ ನರ ಉಬ್ಬಿದ್ದು ಕಂಡಿತು. ಸಾಕು, ಬಿಡು ಅಪ್ಪ ಎಂದು ಪಿಸುಗುಟ್ಟಬೇಕೆಂದುಕೊಂಡಳು. ಆದರೆ 'ಇದೆ' ಎಂದು ಸುಳ್ಳು ಹೇಳಿದವಳು ತಾನೇ.

ಎರಡನೆಯ ಜಾಗ ಬಂದಾಗ ಅವಳು ಬಾಯಿ ತೆರೆದು, ಮುಳುಗಿ ಮೇಲೆದ್ದವಳಂತೆ, ಸದ್ದಾಗುವ ಹಾಗೆ ಉಸಿರೆಳೆದುಕೊಂಡಳು. ಹಿಂದಿನ ಸಾಲಿನಲ್ಲಿ ಯಾರೋ "ಶ್" ಎಂದರು. ಪಕ್ಕದಲ್ಲಿ ಅಪ್ಪನ ಎದೆ ಏರಿ, ನಿಧಾನವಾಗಿ ಇಳಿಯಿತು.

ಮೂರನೆಯ ಜಾಗದಲ್ಲೂ ಅವಳು ಹಾಗೇ ಎಳೆದುಕೊಂಡಳು, ಇನ್ನಷ್ಟು ಜೋರಾಗಿ. ಆಗ, ಮುಂದಿನ ಸಾಲಿನಲ್ಲಿ ಅಲ್ಲಾಡದೆ ಕೂತಿದ್ದ ನಿರ್ದೇಶಕನ ಎರಡೂ ಭುಜಗಳು, ಅವನಿಗೇ ಗೊತ್ತಿಲ್ಲದಂತೆ, ಮೆಲ್ಲಗೆ ಮೇಲೆದ್ದು ಇಳಿದವು.