ಹಗ್ಗದ ಹುರಿ

ದಡದಿಂದ ಕೂಗಳತೆಯಲ್ಲಿ, ಎರಡೇ ಮಾರು ನೀರಿನಡಿಯಲ್ಲಿ ಮುಳುಗಿದ ದೋಣಿಯೊಂದು ಸಿಕ್ಕಿತ್ತು. ಅದರ ಹಲಗೆಯ ತುಂಡೊಂದನ್ನು ಹಿಡಿದು ಸರ್ವೆ ಅಧಿಕಾರಿ ಅಂಗಳಕ್ಕೆ ಬಂದಾಗ ಮಾದೇವಿ ಒಬ್ಬಳೇ ಕೂತು ತೆಂಗಿನ ನಾರು ಬಿಡಿಸುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಮೀನಿಗೆ ಹೋದ ಅವಳ ಗಂಡ ಜಟ್ಟಪ್ಪ ಮರಳಿರಲಿಲ್ಲ.

“ಮೊಳೆ ಹೊಡೆದದ್ದಲ್ಲ, ಹಗ್ಗದಲ್ಲಿ ಹೊಲಿದ ದೋಣಿ. ನಿಮ್ಮದೇ ಇರಬಹುದಾ ಅಮ್ಮ?”

“ನಮ್ದೇ ಅಂದ್ರೆ ಎಂತ ಮಾಡ್ತೀರಿ?”

“ಅವರು ತೀರಿಕೊಂಡರು ಅಂತ ಬರೀತೇವೆ. ಅಲ್ಲ ಅಂದ್ರೆ ಕಾಣೆಯಾದವರ ಪಟ್ಟಿಯಲ್ಲೇ ಇರ್ತಾರೆ.”

“ಇರ್ಲಿ ಬಿಡಿ. ಬಂದ ದಿನ ಬೈಯೋದು ಬೇಕಷ್ಟುಂಟು.”

ಅಧಿಕಾರಿ ನಗಲಿಲ್ಲ. ಹಲಗೆಯ ತೂತುಗಳಲ್ಲಿ ಉಳಿದಿದ್ದ ಹಗ್ಗವನ್ನು ತೋರಿಸಿದರು. “ಈ ಊರಲ್ಲಿ ನಾನು ನೋಡಿದ ಹಗ್ಗ ಎಲ್ಲ ಬಲಕ್ಕೆ ಹೊಸೆದದ್ದು. ಇದರ ಹುರಿ ಮಾತ್ರ ಎಡಕ್ಕುಂಟು. ಹೊಸೆದವರು ಯಾರು ಅಂತ ಗೊತ್ತಾದ್ರೆ ದೋಣಿ ಯಾರದ್ದು ಅಂತಲೂ ಗೊತ್ತಾಗ್ತದೆ.”

ಮಾದೇವಿ ಹಲಗೆಯನ್ನು ಮಡಿಲಿಗೆ ತೆಗೆದುಕೊಂಡಳು. ಹಗ್ಗದ ಉದ್ದಕ್ಕೂ ಮೆಲ್ಲಗೆ ಬೆರಳಾಡಿಸಿದಳು.

“ನಮ್ಮೂರಿನವರು ಹೊಸೆದದ್ದಲ್ಲ ಮಾರಾಯ್ರೆ. ಬೇರೆ ಯಾವ್ದೋ ಊರಿಂದು.”

“ಖಾತ್ರಿಯಾ?”

“ಮೂವತ್ತು ವರ್ಷ ಹಗ್ಗ ಹೊಸೆದವಳ ಹತ್ರ ಕೇಳ್ತೀರಲ್ಲ!”

ಅಧಿಕಾರಿ ಅವಳು ಹೇಳಿದ್ದನ್ನು ಬರೆದುಕೊಂಡು, ಹಲಗೆಯನ್ನು ಎತ್ತಿಕೊಂಡು ಹೊರಟರು. ಜೀಪು ತಿರುವಿನಲ್ಲಿ ಮರೆಯಾಗುವ ತನಕ ಮಾದೇವಿ ಕೈ ಕಟ್ಟಿಕೊಂಡು ಕೂತಿದ್ದಳು. ಆಮೇಲೆ ಬಿಡಿಸಿಟ್ಟ ನಾರನ್ನು ತೊಡೆಯ ಮೇಲಿಟ್ಟು, ಎಂದಿನಂತೆ ಎಡಗೈಯಲ್ಲಿ ಹೊಸೆಯತೊಡಗಿದಳು.