ಅಳುವ ಖಳನಾಯಕಿ

ಬೆರಳಿಗಂಟಿದ ಗ್ಲಿಸರಿನ್ನನ್ನು ಟವೆಲ್ಲಿಗೆ ಒರೆಸಿಕೊಳ್ಳುವಾಗಷ್ಟೇ ಬಣ್ಣದಣ್ಣನಿಗೆ ತಾನು ಮಾಡಿದ ಎಡವಟ್ಟು ಹೊಳೆದದ್ದು. ಇಪ್ಪತ್ತೆರಡು ವರ್ಷ ಒಬ್ಬ ನಟಿಗೇ, ಅಕ್ಕನಿಗೇ, ಮೇಕಪ್ ಮಾಡಿದ ಕೈ ಅದು. ‘ರೆಡಿ’ ಎಂಬ ಕೂಗು ಕೇಳಿದ್ದೇ ತಡ, ಅಕ್ಕನ ಮೂಗಿನ ಮೇಲೆ ಒಂದು ಸಲ ಪೌಡರು, ಎರಡೂ ಕಣ್ಣಿನಂಚಿಗೆ ಕಣ್ಣೀರು ತರಿಸುವ ಒಂದೊಂದು ಬೊಟ್ಟು ಗ್ಲಿಸರಿನ್. ಕೈ ತನ್ನ ಪಾಡಿಗೆ ಕೆಲಸ ಮುಗಿಸಿತ್ತು. ತಲೆ ಆಮೇಲೆ ಬಂತು.

“ಅಕ್ಕಾ, ಹಚ್ಚಿಬಿಟ್ಟೆ,” ಎಂದ ಮೆಲ್ಲಗೆ.

ಅಕ್ಕ ಎರಡು ಸಲ ರೆಪ್ಪೆ ಬಡಿದರು. ಕಣ್ಣು ಆಗಲೇ ತುಂಬಿಕೊಳ್ಳುತ್ತಿತ್ತು. “ಇವತ್ತೊಂದು ದಿನ ಅಳಬಾರದು ಅಂತ ಬಂದಿದ್ದೆ ಕಣೋ.”

ಅಳುವ ತಾಯಿಯ ಪಾತ್ರಗಳಿಗೆ ಸಿಕ್ಕ ಪ್ರಶಸ್ತಿಗಳಿಗೆ ಅವರ ಮನೆಯ ಕಪಾಟು ಸಾಲದೆ, ಒಂದೆರಡು ಫ್ರಿಜ್ಜಿನ ಮೇಲೂ ನಿಂತಿದ್ದವು. ಮಗ ಯುದ್ಧಕ್ಕೆ ಹೋದಾಗಲೂ ಅತ್ತಿದ್ದರು, ಬದುಕಿ ಬಂದಾಗಲೂ ಅತ್ತಿದ್ದರು. ಅತ್ತು ಅತ್ತು ಸಾಕಾಗಿತ್ತು. ಆಕಾಶದಲ್ಲಿ ಹಾರುವ ಹೀರೋನ ಚಿತ್ರಕ್ಕೆ ಖಳನಾಯಕಿ ಬೇಕಂತೆ ಎಂದು ಕಿವಿಗೆ ಬಿದ್ದ ದಿನವೇ, ಯಾರ ಕೈಲೂ ಹೇಳಿಸದೆ, ತಾವೇ ನಿರ್ದೇಶಕನಿಗೆ ಫೋನು ಮಾಡಿ, “ನನ್ನನ್ನ ಒಂದು ಸಲ ಕೆಟ್ಟವಳಾಗಿ ನೋಡಪ್ಪ,” ಎಂದು ಕೇಳಿದ್ದರು.

ನಿರ್ದೇಶಕ ಅವರ ಚಿತ್ರ ನೋಡಿ ಮೂಗೊರೆಸಿಕೊಳ್ಳುತ್ತಲೇ ದೊಡ್ಡವನಾದವನು. ಇಲ್ಲ ಎನ್ನಲು ಬಾಯಿ ಬರದೆ ಮೂರು ಟೇಕಿನ ಪರೀಕ್ಷೆ ಇಟ್ಟಿದ್ದ. ಎರಡು ಮುಗಿದಿದ್ದವು. “ಈ ಊರನ್ನೇ ಸುಟ್ಟು ಬೂದಿ ಮಾಡ್ತೀನಿ” ಎಂದು ಎರಡು ಸಲವೂ ಅಕ್ಕ ಗಂಟಲು ಹರಿಯುವ ಹಾಗೆ ಅಬ್ಬರಿಸಿದ್ದರು. ಬಸ್ಸು ತಪ್ಪಿಸಿಕೊಂಡವರು ಹಿಂದಿನಿಂದ ಕೂಗಿದಂತಿತ್ತು. “ಚೆನ್ನಾಗಿದೆ ಮೇಡಂ,” ಎಂದು ನಿರ್ದೇಶಕ ನೆಲ ನೋಡಿದ್ದ. ಮೂರನೆಯದೂ ಕೈಕೊಟ್ಟರೆ, ಪಾತ್ರ ಮಧ್ಯಾಹ್ನ ಬರಲಿರುವ ಇನ್ನೊಬ್ಬ ನಟಿಯ ಪಾಲು. ಅಂಥ ಹೊತ್ತಿನಲ್ಲಿ ಇವನು ಗ್ಲಿಸರಿನ್ ಹಚ್ಚಿ ಕೂತಿದ್ದ.

“ಸರ್, ಐದು ನಿಮಿಷ. ಅಕ್ಕನ ಮುಖ ತೊಳೆಸಿಕೊಂಡು ಬರ್ತೀನಿ.”

“ಹೀರೋನನ್ನ ನೇತುಹಾಕಿ ಅರ್ಧ ಗಂಟೆ ಆಯ್ತು ಬಣ್ಣದಣ್ಣ. ಕಾಲು ಜೋಮು ಹಿಡಿದಿದೆಯಂತೆ. ಹೋಗೋಣ,” ಎಂದ ನಿರ್ದೇಶಕ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಕೆಂಪು ಶಾಲು ಕಟ್ಟಿಸಿಕೊಂಡ ಆರಡಿಯ ಹೀರೋ ನೆಲದಿಂದ ಮೂರಡಿ ಮೇಲೆ ಮೆಲ್ಲಗೆ ತಿರುಗುತ್ತಿದ್ದ.

ಕ್ಯಾಮೆರಾ ಓಡಿತು. ಅಕ್ಕ ಅಬ್ಬರಿಸಲು ಬಾಯಿ ತೆರೆದರು. ಕಣ್ಣೀರು ದಳದಳ ಇಳಿಯಿತು. ಕೆನ್ನೆ ಒದ್ದೆಯಾದರೆ ಮೆತ್ತಗೆ ಮಾತಾಡಿಯೇ ಪಳಗಿದ ಗಂಟಲು. ದನಿ ತಾನಾಗಿ ತಗ್ಗಿತು. ಊರು ಸುಡುವ ಮಾತು ಆ ದನಿಗೆ ಒಗ್ಗಲೇ ಇಲ್ಲ. ಬಣ್ಣದಣ್ಣ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಅಕ್ಕ ಆ ಮಾತನ್ನೇ ಬಿಟ್ಟು, ತಲೆಯೆತ್ತಿ ಹೀರೋನನ್ನೇ ನೋಡಿ, ಒಂಚೂರು ನಕ್ಕರು.

“ಬಾ ಇಲ್ಲಿ. ನಾನೇನೂ ಮಾಡಲ್ಲ.”

ಬಣ್ಣದಣ್ಣ ಟವೆಲ್ ಇಳಿಸಿದ. ಅಮ್ಮನೊಬ್ಬಳು ಅತ್ತ ಕಣ್ಣಲ್ಲಿ, ತಗ್ಗಿದ ದನಿಯಲ್ಲಿ ಆ ಮಾತು ಹೇಳಿದರೆ ಮುಂದೇನು ಕಾದಿರುತ್ತದೆ ಎಂಬುದು ಎಂಥವರಿಗೂ ಮೂರು ವರ್ಷ ತುಂಬುವ ಮೊದಲೇ ಗೊತ್ತಾಗಿರುತ್ತದೆ. ಲೈಟಿನವನು ಎರಡು ಹೆಜ್ಜೆ ಹಿಂದೆ ಸರಿದ. ನಿರ್ದೇಶಕ ಯಾಕೋ ಅಂಗಿಯ ಗುಂಡಿ ಹಾಕಿಕೊಂಡ.

“ಬಾರೋ ಚಿನ್ನ. ಬೈಯಲ್ಲ, ಹೊಡೆಯಲ್ಲ. ನಿಜ ಹೇಳು, ಅಷ್ಟೇ ಸಾಕು.”

ಅಧರ್ಮ ಎಂದೂ ಗೆಲ್ಲದು ಎಂದು ಹೀರೋ ಗುಡುಗಬೇಕಿತ್ತು. ಅವನ ಕಾಲುಗಳು ಗಾಳಿಯಲ್ಲಿ ಸೈಕಲ್ಲನ್ನು ಹಿಂದಕ್ಕೆ ತುಳಿಯತೊಡಗಿದ್ದವು.

“ನಾನಲ್ಲಮ್ಮ,” ಎಂದ. “ಅದು ಮೊದಲೇ ಒಡೆದಿತ್ತು.”

“ಒಡೆದಿತ್ತಾ,” ಎಂದರು ಅಕ್ಕ, ಇನ್ನೂ ಮೆತ್ತಗೆ, ಇನ್ನೊಂದು ಹೆಜ್ಜೆ ಮುಂದಿಟ್ಟು. “ಕೆಳಗಿಳಿ. ಮಾತಾಡೋಣ.”

ಹೀರೋ ಹಗ್ಗ ಹಿಡಿದವನ ಕಡೆ ತಿರುಗಿದ. “ಅಣ್ಣಾ, ಇನ್ನೊಂಚೂರು ಮೇಲೆತ್ತು.”

ಕಟ್ ಹೇಳಬೇಕಾದ ನಿರ್ದೇಶಕನೇ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಮುದುಡಿಹೋಗಿದ್ದ. ಕ್ಯಾಮೆರಾದವನ ಭುಜ ಕುಲುಕುತ್ತಿತ್ತು. ಅಕ್ಕನೂ ತಡೆಯಲಾರದೆ ನಕ್ಕರು, ಬಣ್ಣದಣ್ಣನ ತೋಳು ಹಿಡಿದುಕೊಂಡು ನಕ್ಕರು. ಕೆನ್ನೆಯ ಮೇಲೆ ಇಳಿಯುತ್ತಿದ್ದುದರಲ್ಲಿ ಗ್ಲಿಸರಿನ್ನಿನದೆಷ್ಟು, ಅವರದೆಷ್ಟು ಎಂದು ಅವನಿಗೂ ಈ ಸಲ ಗೊತ್ತಾಗಲಿಲ್ಲ.

“ಮಧ್ಯಾಹ್ನದವರಿಗೆ ಬರೋದು ಬೇಡ ಅಂತ ಹೇಳಿಬಿಡಿ,” ಎಂದ ನಿರ್ದೇಶಕ, ಕಣ್ಣೊರೆಸಿಕೊಳ್ಳುತ್ತಾ. “ಖಳನಾಯಕಿ ಸಿಕ್ಕಿದ್ರು.”

ಹೀರೋನನ್ನು ಕೆಳಗಿಳಿಸಿದರು. ಕಾಲು ನೆಲಕ್ಕೆ ತಾಗಿದರೂ ಅವನು ಅಕ್ಕನಿಂದ ನಾಲ್ಕು ಮಾರು ದೂರದಲ್ಲೇ ನಿಂತ.

“ಸರ್, ಕೊನೇ ಸೀನಲ್ಲಿ ನಾನು ಇವರನ್ನ ಸೋಲಿಸ್ತೀನಿ ಅಂತ ಇದೆಯಲ್ಲ?”

“ಹೂಂ.”

“ಹೇಗೆ ಸರ್?”

ನಿರ್ದೇಶಕ ಚಿತ್ರಕಥೆಯ ಕೊನೆಯ ಹಾಳೆ ತೆರೆದು ಓದಿದ. ಅಕ್ಕನ ಕಡೆ ನೋಡಿದ. ಮತ್ತೊಮ್ಮೆ ಓದಿದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದ.